ಹದಿನೇಳನೆಯ ಚೀಟಿ

"ರೇಡಿಯೊದಲ್ಲಿ ಕಣ್ಣೀರು ಕಾಣಿಸುತ್ತೇನಮ್ಮ?"

ಕರಿದಾದ್ ಮೇಡಂ ಹೀಗೆ ಕೇಳಿದ್ದೇ ತಡ, ಮೇಜಿನ ಸುತ್ತ ಕೂತಿದ್ದ ಆರು ಮಂದಿಯೂ ತಂತಮ್ಮ ಹಾಳೆಗಳಲ್ಲಿ ಏನೋ ಮಹತ್ವದ್ದು ಕಂಡವರಂತೆ ತಲೆ ತಗ್ಗಿಸಿದರು. ಪ್ರಶ್ನೆ ಬಂದದ್ದು ಜೆಮ್ಮಾಳಿಗೆ.

"ದನಿ ನಡುಗಿದ್ದನ್ನ ಕೇಳಿದೋರು ಹನ್ನೆರಡು ಜನ ಇದಾರೆ ಮೇಡಂ. ಎಲ್ಲರ ಹೆಸರೂ ಕೊನೇಲಿ ಕೊಟ್ಟಿದೀನಿ."

"ದನಿಗೆ ಸಾಕ್ಷಿ ಇದೆ, ಒಪ್ಪಿದೆ. ಚೀಟಿ ಮೇಲೆ ಕಣ್ಣೀರು ಬಿದ್ದು ಶಾಯಿ ಕದಡಿತು ಅಂತ ಬರ್ದಿದೀಯಲ್ಲ, ಅದನ್ನ ನೋಡಿದೋರು ಯಾರು? ನೀನಾ? ಆಗ ನೀನಿನ್ನೂ ತೊಟ್ಟಿಲಲ್ಲಿದ್ದೆ."

ಯಾರೋ ಕಿಸಕ್ಕೆಂದರು. ಮೇಡಂ ನಗಲಿಲ್ಲ. "ಆ ಚೀಟಿ ಓದಿದಾಕೆಗೆ ಇದನ್ನ ಓದಿ ಹೇಳಿದೆಯಾ?"

"ಇನ್ನೂ ಇಲ್ಲ ಮೇಡಂ."

"ನಾಳೆ ಹೋಗು. ಪೆನ್ಸಿಲ್ ತಗೊಂಡು ಹೋಗೋದು ಮರೀಬೇಡ."

ಆ ಪೆನ್ಸಿಲ್ಲಿನ ಸಂಗತಿ ಇಲೊಯಿಲೊ ಊರಿಗೇ ಗೊತ್ತು. ಕರಿದಾದ್ ಮೇಡಂ ಎಂ.ಎ. ವಿದ್ಯಾರ್ಥಿಗಳಿಗೆ ಕಲಿಸುತ್ತಿದ್ದದ್ದು ನಿಜಕಥನ. ಕಥೆಯ ಹಾಗೆ ಓದಿಸಿಕೊಂಡು ಹೋಗಬೇಕು, ಆದರೆ ಒಂದು ಸಾಲೂ ಕಟ್ಟಿದ್ದಾಗಿರಬಾರದು. ಬರೆದು ಮುಗಿಸಿದ ಮೇಲೆ ಯಾರ ಬಗ್ಗೆ ಬರೆದಿದ್ದೀರೋ ಅವರ ಮನೆಗೇ ಹೋಗಿ, ಅವರೆದುರು ಕೂತು, ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಬೇಕು. ಪೆನ್ಸಿಲ್ ಮಾತ್ರ ಅವರ ಕೈಯಲ್ಲಿರಬೇಕು. ಅವರು ಗೀಟು ಹಾಕಿದ್ದನ್ನು ಕೇಳಿ ತಿದ್ದಬೇಕು, ಇಲ್ಲವೇ ತೆಗೆಯಬೇಕು. ಎಪ್ಪತ್ತು ದಾಟಿದ ಈ ಹೆಂಗಸಿನ ಬಾಯಿಗೆ ಹೆದರದ ವಿದ್ಯಾರ್ಥಿ ಇರಲಿಲ್ಲ. ಹಾಗೆಂದು ಅವರ ತರಗತಿ ಬಿಟ್ಟು ಹೋದವರೂ ಇರಲಿಲ್ಲ. ಅವರ ಕೈಯಲ್ಲಿ ಕಲಿತವರು ಪತ್ರಿಕೆಯಲ್ಲಿ ಒಂದು ಮದುವೆಯ ವರದಿ ಬರೆದರೂ ಜನ ಅದನ್ನು ನಂಬುತ್ತಿದ್ದರು.

ಜೆಮ್ಮಾಳಿಗೆ ಈಗ ನಲವತ್ತೊಂದು. ವಾರವಿಡೀ ಗಿಂಬಾಲ್ ಹೈಸ್ಕೂಲಿನ ಮಕ್ಕಳೊಂದಿಗೆ ಗಂಟಲು ಹರಿದುಕೊಂಡು, ಶನಿವಾರ ಬೆಳಗಿನ ಜೀಪ್ನಿ ಬಸ್ಸು ಹಿಡಿದು ಓದಲು ಬರುವುದು ಏಳು ವರ್ಷದಿಂದ ನಡೆದಿತ್ತು. ಏಳು ವರ್ಷ ಅಂದರೆ ಕಡೆಯ ಗಡುವು. ಬರುವ ಶುಕ್ರವಾರ ಪರೀಕ್ಷಕರ ಮುಂದೆ ಪ್ರಬಂಧ ಮಂಡಿಸದಿದ್ದರೆ ಅಷ್ಟೂ ವರ್ಷದ ಓದು ನೀರಿನಲ್ಲಿ ಹೋಮ. ಪರೀಕ್ಷಕರಿಗೆಂದು ಅಮ್ಮ ಆಗಲೇ ಪಾನ್ಸಿತ್ ಶಾವಿಗೆಗೂ ಹಂದಿಮಾಂಸಕ್ಕೂ ಹೇಳಿಬಿಟ್ಟಿದ್ದಳು.

ಪ್ರಬಂಧ ನಾಂಗ್ ಪುರಿಂಗ್ ಬಗ್ಗೆ. ನಾಂಗ್ ಅಂದರೆ ಅಕ್ಕ. ಎಪ್ಪತ್ತೆಂಟರ ಈ ಮುದುಕಿಯನ್ನು ಮೊಲೊ ಬೀದಿಯ ಚಿಳ್ಳೆಪಿಳ್ಳೆಗಳೂ ಹಾಗೇ ಕರೆಯುತ್ತಿದ್ದವು. ಫೋನಿಲ್ಲದ ಕಾಲದಲ್ಲಿ ಜನ ತಮ್ಮ ಸುದ್ದಿಯನ್ನು ಚೀಟಿಯಲ್ಲಿ ಬರೆದು ರೇಡಿಯೊ ಸ್ಟೇಷನ್ನಿಗೆ ಕೊಡುತ್ತಿದ್ದರು. ಹೆಂಡತಿಗೆ ಹೆರಿಗೆಯಾಯಿತು, ಹಂದಿ ಮಾರಿದೆ, ಅಪ್ಪನಿಗೆ ಕಾಯಿಲೆ ಜೋರು, ಬೇಗ ಬಾ. ದ್ವೀಪಗಳಲ್ಲಿದ್ದವರು ಕೇಳಿಸಿಕೊಂಡು ದೋಣಿ ಹತ್ತುತ್ತಿದ್ದರು. ಇಪ್ಪತ್ತಾರು ವರ್ಷ ಆ ಚೀಟಿಗಳನ್ನು ಒಂದೊಂದನ್ನೂ ಎರಡೆರಡು ಸಲ ಓದಿದವಳು ಪುರಿಂಗ್. ರೇಡಿಯೊದಲ್ಲಿ ಅವಳ ಹೆಸರು ನಾಂಗ್ ಲುಸ್. ಜೆಮ್ಮಾಳ ಪ್ರಬಂಧದ ಜೀವಾಳವೆಲ್ಲ ಒಂದೇ ದಿನದ ಮೇಲೆ ನಿಂತಿತ್ತು: ನಲವತ್ತು ವರ್ಷದ ಹಿಂದಿನ ಆ ಚಂಡಮಾರುತ ಕಳೆದ ಮೂರನೆಯ ದಿನ. ಗಂಡ ಎಲಾದಿಯೊ ಸಮುದ್ರದಿಂದ ಬರಲಿಲ್ಲ ಎಂಬ ಚೀಟಿಯನ್ನು ಅವಳೇ ಓದಬೇಕಾಗಿ ಬಂತು, ಓದುತ್ತ ದನಿ ಒಡೆದು ಅತ್ತಳು. ಇಡೀ ಪ್ರಾಂತ್ಯ ಅವಳೊಂದಿಗೆ ಅತ್ತಿತು. ಜೆಮ್ಮಾಳ ಅಮ್ಮ ಈಗಲೂ ಅದನ್ನು ಹೇಳುವಾಗ ಮೂಗು ಒರೆಸಿಕೊಳ್ಳುತ್ತಾಳೆ.

ಎರಡು ವರ್ಷ ಜೆಮ್ಮಾ ಪುರಿಂಗ್ ಮನೆಗೆ ಓಡಾಡಿದ್ದಳು. ಮೈಕಿನ ಬಗ್ಗೆ, ಸಂಬಳದ ಬಗ್ಗೆ, ಸ್ಟೇಷನ್ ಮಾಲೀಕನ ಹಲ್ಲುಸೆಟ್ಟಿನ ಬಗ್ಗೆ ಕೂಡ ಕೇಳಿದ್ದಳು. ಆ ಚೀಟಿಯೊಂದರ ಬಗ್ಗೆ ಕೇಳಿರಲಿಲ್ಲ. ಸತ್ತವರ ಮನೆಯವರನ್ನು ಅದೊಂದು ಕೇಳಬಾರದು, ಅವರಾಗಿ ಹೇಳಿದರೆ ಕೇಳಿಸಿಕೊಳ್ಳಬೇಕು. ಅವಳು ಬೆಳೆದದ್ದೇ ಹಾಗೆ. ಅದಕ್ಕೇ ಊರನ್ನೆಲ್ಲ ಕೇಳಿ ಒಂಬತ್ತು ಪುಟ ಬರೆದಿದ್ದಳು.

ಭಾನುವಾರ ಚರ್ಚಿನ ಪೂಜೆ ಮುಗಿಸಿಕೊಂಡು ಹೋದಾಗ ಪುರಿಂಗ್ ತಾಳೆಗರಿಯಲ್ಲಿ ಸುತ್ತಿದ ಅಂಟಕ್ಕಿಯ ಕಡುಬು ಇಬೊಸ್ ಬೇಯಿಸಿಟ್ಟಿದ್ದಳು, ಪಕ್ಕದಲ್ಲಿ ಅದ್ದಿಕೊಳ್ಳಲು ಸಕ್ಕರೆ. ಜೆಮ್ಮಾ ಹಿರಿಯರಿಗೆ ಮಾಡುವಂತೆ ಅವಳ ಕೈಯನ್ನು ಹಣೆಗೊತ್ತಿಕೊಂಡು ಪೆನ್ಸಿಲ್ ಕೊಟ್ಟಳು.

"ಓಹೋ, ಇವತ್ತು ನಾನು ಮೇಷ್ಟ್ರಮ್ಮ. ಓದೇ ಇಂದಾಯ್, ಕೇಳೋಣ ನನ್ನ ಪುರಾಣಾನ."

ಹುಡುಗಿಯರನ್ನೆಲ್ಲ ಅಲ್ಲಿ ಇಂದಾಯ್ ಅನ್ನುವುದೇ. ನಲವತ್ತೊಂದರ ಹುಡುಗಿ ಓದಲು ಶುರು ಮಾಡಿದಳು. ಪುರಿಂಗಳ ಪೆನ್ಸಿಲ್ ಸುಮ್ಮನಿರುವ ಜಾತಿಯದಲ್ಲ.

"ಕುರ್ಚಿ ಹಸಿರಲ್ಲ, ನೀಲಿ."

"ನೀವೇ ಹಸಿರು ಅಂದಿದ್ರಿ ನಾಂಗ್."

"ಅವತ್ತು ತಪ್ಪು ಹೇಳಿದ್ದೆ, ಇವತ್ತು ಸರಿ ಹೇಳ್ತಿದೀನಿ. ಬರ್ಕೋ. ಮತ್ತೆ ಆ ಮಾಲೀಕನ್ನ ಯಾಕೆ ಒಳ್ಳೆಯವನು ಅಂತ ಬರ್ದೆ? ಸತ್ತಿದಾನೆ ಅಂತಲಾ?"

ನಗುತ್ತ ನಗುತ್ತಲೇ ಆ ಒಂಬತ್ತು ಪುಟ ಬಂದವು. ಜೆಮ್ಮಾ ತಲೆ ಎತ್ತದೆ ಓದಿದಳು. ಒಡೆದ ದನಿ, ಕದಡಿದ ಶಾಯಿ, ದೂರದ ದ್ವೀಪಗಳಲ್ಲಿ ರೇಡಿಯೊ ಮುಂದೆ ಎದೆ ಹಿಡಿದು ಕೂತ ಹೆಂಗಸರು. ಪೆನ್ಸಿಲ್ ಅಲ್ಲಾಡಲಿಲ್ಲ. ಓದಿ ಮುಗಿಸಿದಾಗ ಜೆಮ್ಮಾಳಿಗೆ ಹೋದ ಜೀವ ಬಂದಂತಾಯಿತು.

"ಚೆನ್ನಾಗಿದೆ," ಅಂದಳು ಪುರಿಂಗ್. "ಸಿನಿಮಾ ಥರ ಇದೆ." ಒಂದು ಇಬೊಸ್ ಬಿಚ್ಚಿ ಜೆಮ್ಮಾಳ ತಟ್ಟೆಗೆ ಹಾಕಿ, ಗರಿಯನ್ನು ಮಡಚುತ್ತ ಕೂತಳು. "ನನ್ನನ್ನ ಯಾಕೆ ಕೇಳಲಿಲ್ಲ ಇಂದಾಯ್?"

"ನಿಮಗೆ ನೋವಾಗುತ್ತೆ ಅಂತ..."

"ಎಲ್ಲರೂ ಹಾಗೇ. ನಲವತ್ತು ವರ್ಷ. ಪಾದ್ರಿಗಳೂ ಕೇಳಲಿಲ್ಲ." ಪುರಿಂಗ್ ಗರಿಯನ್ನು ಕೆಳಗಿಟ್ಟಳು. "ನಾನು ಅಳಲಿಲ್ಲ ಕಣೇ."

ಜೆಮ್ಮಾ ಬಾಯಿಗೆ ಹಾಕಿಕೊಂಡದ್ದನ್ನು ನುಂಗದೆ ಕೂತಳು.

"ಜನರೇಟರಿಗೆ ಡೀಸೆಲ್ ಮುಗೀತಾ ಬಂದಿತ್ತು. ಕರೆಂಟು ಮೇಲೆ ಕೆಳಗೆ ಆಗೋದು, ನನ್ನ ದನೀನೂ ಅದರ ಜೊತೆ ಕುಣೀತು. ಹಿಂದಿನ ಚೀಟಿ ಓದುವಾಗ್ಲೂ ಹಾಗೇ ಆಯ್ತು, ಅದನ್ನ ಯಾರೂ ನೆನಪಿಟ್ಕೊಂಡಿಲ್ಲ. ಅದರಲ್ಲಿದ್ದದ್ದು ಯಾರದೋ ಎಮ್ಮೆ ವಿಷಯ."

"ಮತ್ತೆ ನೀವು ಯಾರಿಗೂ..."

"ಏನಂತ ಹೇಳಲಿ? ಸಂಜೆ ಹೊತ್ತಿಗೆ ಬಾಗಿಲ ಮುಂದೆ ಸಾಲು. ಅಕ್ಕಿ, ಮೊಟ್ಟೆ, ಕೋಳಿ. ಅಯ್ಯೋ ಪುರಿಂಗ್ ಅತ್ತುಬಿಟ್ಟೆಯಲ್ಲೇ ಅಂತ ಎಲ್ಲರೂ ಅಳ್ತಿದಾರೆ. ಇಲ್ಲ, ಅದು ಡೀಸೆಲ್ಲು ಅನ್ನಲಾ? ಗಂಡನ ಸುದ್ದಿ ಕಲ್ಲಿನ ಹಾಗೆ ಓದಿದಳು ಅಂತ ಊರು ಸುಮ್ನೆ ಬಿಡುತ್ತಾ? ನಮ್ಮತ್ತೆ ಸಾಯೋ ತನಕ ಹೇಳ್ಕೊಂಡು ಓಡಾಡಿದ್ಳು, ನನ್ನ ಸೊಸೆ ರೇಡಿಯೊದಲ್ಲೇ ಅತ್ಲು ಅಂತ. ಅವಳಿಗಿದ್ದದ್ದು ಅದೊಂದೇ ಸಮಾಧಾನ."

ಜೆಮ್ಮಾ ಎರಡು ವರ್ಷದ ಹಿಂದೆಯೇ ಕೇಳಬೇಕಾಗಿದ್ದ ಪ್ರಶ್ನೆಯನ್ನು ಈಗ ಕೇಳಿದಳು. "ಆ ಚೀಟಿ ಕೈಗೆ ಬಂದಾಗ ಏನಾಯ್ತು ನಾಂಗ್?"

"ಕೈಗೆ ಬಂದಾಗ ಅಲ್ಲ. ಮೊದಲೇ ಗೊತ್ತಿತ್ತು." ಪುರಿಂಗ್ ಕಿಟಕಿಯ ಕಡೆ ನೋಡಿದಳು. "ಗಿಗಾಂತೆಸ್ ದ್ವೀಪದಿಂದ ದೋಣಿಯವನು ಮೂವತ್ತೊಂದು ಚೀಟಿ ತಂದ. ಅಕ್ಷರ ಅರ್ಥ ಆಗುತ್ತೋ ಇಲ್ವೋ ಅಂತ ಎಲ್ಲಾನೂ ಒಂದ್ಸಲ ಕಣ್ಣಾಡಿಸಿ ಆಮೇಲೇ ಮೈಕ್ ಮುಂದೆ ಕೂರೋದು ನಾನು. ನನ್ನದು ಹದಿನೇಳನೆಯದು. ಮೊಲೊದ ಪುರಿಫಿಕಾಸಿಯೊನ್‌ಗೆ ಅಂತ ನನ್ನ ಪೂರ್ತಿ ಹೆಸರು ಬರ್ದಿತ್ತು. ಬರೆದೋನಿಗೆ ಏನು ಗೊತ್ತು ಪಾಪ, ಅದನ್ನ ಓದೋ ನಾಂಗ್ ಲುಸ್ಸೂ ಅವಳೇ ಅಂತ."

"ಆಮೇಲೆ?"

"ಆಮೇಲೇನು, ಮೊದಲನೇದರಿಂದ ಓದಿದೆ. ಬಂದ ಸಾಲಿನಲ್ಲಿ ಓದೋದು ನಿಯಮ. ಹದಿನಾರು ಮನೆಯೋರು ನನಗಿಂತ ಮುಂಚೆ ಕಾಯ್ತಿದ್ರು."

"ನಿಮ್ಮ ಚೀಟಿ ಬಿಟ್ಟುಬಿಡಬಹುದಿತ್ತಲ್ಲ. ನಿಮಗೆ ಗೊತ್ತಾಗಿತ್ತಲ್ಲ."

"ನನಗೆ ಗೊತ್ತಾಗಿತ್ತು. ಕೊನ್ಸೆಪ್ಸಿಯೊನ್ ದಡದಲ್ಲಿ ನಮ್ಮತ್ತೆ ಮೂರು ದಿನದಿಂದ ರೇಡಿಯೊ ಮುಂದೆ ಕೂತಿದ್ಳು. ಅವಳಿಗೆ ಯಾರು ಹೇಳ್ತಾರೆ? ಎರಡು ಸಲ ಓದಿದೆ. ಅವಳಿಗೆ ಕಿವಿ ಸ್ವಲ್ಪ ಮಂದ."

ಹೊರಗೆ ಬೀದಿಯ ಅಂಗಡಿಯ ಬೆಂಚಿನಲ್ಲಿ ಹೆಂಗಸರು ಯಾವುದಕ್ಕೋ ಕೇಕೆ ಹಾಕಿ ನಗುತ್ತಿದ್ದರು. ಜೆಮ್ಮಾಳ ಕಣ್ಣು ತುಂಬಿ ಬಂತು. ಇಂಥ ಹೆಂಗಸಿನ ಎದುರಿಗೆ ಎರಡು ವರ್ಷ ಕೂತು ಹಲ್ಲುಸೆಟ್ಟಿನ ಬಗ್ಗೆ ಕೇಳಿದೆನಲ್ಲ ಎಂದು ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆಮ್ಮೆಯಾಯಿತು.

"ಇದನ್ನ ಬರೀಲಾ ನಾಂಗ್?"

ಪುರಿಂಗ್ ಇನ್ನೊಂದು ಇಬೊಸ್ ಬಿಚ್ಚಿದಳು. "ಬರ್ಕೊಂಡು ಬಾ. ಕೇಳಿ ಹೇಳ್ತೀನಿ. ಬೇಡ ಅಂದ್ರೆ ಬೇಡ. ಆಗ ನಿನ್ನ ಸಿನಿಮಾನೂ ಬೇಡ, ಇದೂ ಬೇಡ."

ಅವಳು ಬೇಡವೆಂದರೆ ಶುಕ್ರವಾರದ ಮಂಡನೆಯೂ ಇಲ್ಲ. ಜೆಮ್ಮಾ ಜೀಪ್ನಿ ನಿಲ್ದಾಣದಿಂದಲೇ ಮೇಡಮ್ಮಿಗೆ ಫೋನ್ ಮಾಡಿ, ತೊದಲುತ್ತ ಎಲ್ಲ ಹೇಳಿದಳು.

"ಏಳು ವರ್ಷಕ್ಕೆ ಇವತ್ತು ನೀನು ಒಂದು ಪ್ರಶ್ನೆ ಕೇಳಿದೆ," ಅಂದರು ಮೇಡಂ. ಅವರ ದನಿ ಎಂದಿನಂತಿರಲಿಲ್ಲ. "ಆ ಒಂಬತ್ತು ಪುಟ ಎತ್ತಿಡು. ಗುರುವಾರ ಮಧ್ಯಾಹ್ನದೊಳಗೆ ಹೊಸದು ಆಕೆ ಒಪ್ಪಿ ನನ್ನ ಮೇಜಿನ ಮೇಲೆ ಬಂದ್ರೆ ಪರೀಕ್ಷಕರಿಗೆ ನಾನು ಹೇಳ್ಕೋತೀನಿ. ಬರದಿದ್ರೆ ನಾನೂ ಏನೂ ಮಾಡೋಕಾಗಲ್ಲ. ಮತ್ತೆ ಜೆಮ್ಮಾ, ಅಲಂಕಾರ ಮಾಡಬೇಡ."

ಸೋಮವಾರದಿಂದ ಅವಳು ಶಾಲೆಯ ಊಟದ ಬಿಡುವಿನಲ್ಲಿ, ಮಕ್ಕಳ ಹಳೆಯ ಪ್ರಶ್ನೆಪತ್ರಿಕೆಗಳ ಹಿಂಬದಿಯಲ್ಲಿ ಬರೆದಳು. ಮೊದಲು ಆರು ಪುಟವಾಯಿತು, ಆಮೇಲೆ ನಾಲ್ಕು. ಬುಧವಾರ ಮಧ್ಯಾಹ್ನ 'ಹೃದಯ' ಎಂಬ ಮಾತನ್ನು ಹೊಡೆದು ಹಾಕಿದಳು, ಸಂಜೆ ಮಳೆಯನ್ನೂ ತೆಗೆದಳು. ಆ ದಿನ ಮಳೆ ಇರಲಿಲ್ಲವೆಂದು ಪುರಿಂಗ್ ಫೋನಿನಲ್ಲಿ ಹೇಳಿದ್ದಳು. ಕೊನೆಗೆ ಉಳಿದದ್ದು ಒಂದೂವರೆ ಪುಟ. ಏಳು ವರ್ಷದ ಓದಿನಲ್ಲಿ ಅಷ್ಟು ಕಷ್ಟಪಟ್ಟು ಅಷ್ಟು ಕಡಿಮೆ ಅವಳು ಯಾವತ್ತೂ ಬರೆದಿರಲಿಲ್ಲ.

ಗುರುವಾರ ಶಾಲೆಗೆ ರಜೆ ಹಾಕಿ ಬೆಳಿಗ್ಗೆ ಎಂಟಕ್ಕೇ ಮೊಲೊ ಸೇರಿದಳು. ಪುರಿಂಗ್ ಸ್ನಾನ ಮಾಡಿ, ಚರ್ಚಿಗೆ ಹೋಗುವ ಬಿಳಿ ರವಿಕೆ ತೊಟ್ಟು ಮೇಜಿನ ಮುಂದೆ ಕೂತಿದ್ದಳು. ಜೆಮ್ಮಾ ಪೆನ್ಸಿಲ್ ಕೊಟ್ಟು, ಗಂಟಲು ಸರಿಮಾಡಿಕೊಂಡು ಹಾಳೆ ಕೈಗೆತ್ತಿಕೊಂಡಳು.

"ನೀನು ಓದಬೇಡ," ಅಂದಳು ಪುರಿಂಗ್. "ಮೊನ್ನೆ ಕೇಳಿದೀನಿ ನಿನ್ನ ಓದು. ಬಸ್ಸು ತಪ್ಪಿಸ್ಕೊಂಡೋರ ಥರ ಓದ್ತೀಯ. ಕೊಡು ಇಲ್ಲಿ."

ಕನ್ನಡಕ ಹಾಕಿಕೊಂಡು ಒಂದೂವರೆ ಪುಟದ ಮೇಲೂ ಒಮ್ಮೆ ಕಣ್ಣಾಡಿಸಿದಳು. ಮುಖದಲ್ಲಿ ಏನೂ ಕಾಣಲಿಲ್ಲ. ಜೆಮ್ಮಾ ಮಡಿಲಲ್ಲಿ ಕೈಗೆ ಕೈ ಹೊಸೆಯುತ್ತಿದ್ದಳು. ಪುರಿಂಗ್ ಒಂದೂ ಗೀಟು ಹಾಕದೆ ಪೆನ್ಸಿಲನ್ನು ಅವಳ ಕಡೆಗೆ ಚಾಚಿದಳು.

"ಹಿಡ್ಕೋ. ಇದು ಕೈಯಲ್ಲಿದ್ರೆ ಓದೋಕೆ ಆಗಲ್ಲ. ಎದ್ದು ಆ ಕಿಟಕಿ ತೆಗಿ."

"ಬೀದಿ ಕಡೆದಾ ನಾಂಗ್? ಅಂಗಡಿ ಮುಂದೆ ಎಲ್ಲರೂ ಕೂತಿದಾರೆ."

"ಕೂತಿರ್ಲಿ. ಪೂರ್ತಿ ತೆಗಿ."

ಜೆಮ್ಮಾ ಕಿಟಕಿಯ ಎರಡು ಬಾಗಿಲನ್ನೂ ಗೋಡೆಗೆ ತಾಗುವವರೆಗೆ ತೆರೆದಳು. ಬೆಂಚಿನ ಹೆಂಗಸರು ತಲೆ ಎತ್ತಿ ನೋಡಿದರು. ಪುರಿಂಗ್ ಬೆನ್ನು ನೆಟ್ಟಗೆ ಮಾಡಿಕೊಂಡಳು. ಆಮೇಲೆ ಬಂದ ದನಿ ಈ ಎರಡು ವರ್ಷದಲ್ಲಿ ಜೆಮ್ಮಾ ಕೇಳಿದ ಮುದುಕಿಯದಲ್ಲ. ಅವಸರವಿಲ್ಲದ, ಏರಿಳಿತವಿಲ್ಲದ, ಒಂದೊಂದು ಮಾತೂ ಬಿಡಿಸಿಟ್ಟಂತಿದ್ದ ದನಿ. ಪಕ್ಕದ ಮನೆಯ ಹೊಲಿಗೆ ಯಂತ್ರ ನಿಂತಿತು. ಅಂಗಡಿಯ ಮುಂದೆ ಒಬ್ಬ ಮುದುಕ ಯಾಕೋ ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಪುರಿಂಗ್ ಡೀಸೆಲ್ಲಿನ ಸಂಗತಿ ಓದಿದಳು, ಎಮ್ಮೆಯ ಸಂಗತಿ ಓದಿದಳು. ಮೊದಲೇ ಗೊತ್ತಿದ್ದದ್ದನ್ನೂ ಹದಿನಾರು ಮನೆಗಳನ್ನೂ ಅದೇ ದನಿಯಲ್ಲಿ ಓದಿದಳು. ಕಡೆಯ ಸಾಲುಗಳು ಬಂದವು. "ಹದಿನೇಳನೆಯ ಚೀಟಿಯನ್ನೂ ಅವಳು ಎರಡು ಸಲ ಓದಿದಳು. ಇನ್ನೂ ಹದಿನಾಲ್ಕು ಇದ್ದವು."

ಒಂದು ಉಸಿರಿನಷ್ಟು ಹೊತ್ತು ಬಿಟ್ಟು ಪುರಿಂಗ್ ಮತ್ತೆ ಮೊದಲಿನಿಂದ ಶುರು ಮಾಡಿ, ಕೊನೆಯವರೆಗೆ ಇನ್ನೊಮ್ಮೆ ಓದಿದಳು. ಓದಿದ ಹಾಳೆಯನ್ನು ಮೇಜಿನ ಎಡಗಡೆ ಬೋರಲಾಗಿ ಇಟ್ಟಳು. ಅವಳ ಬಲಗೈ, ಕಣ್ಣಿಗೂ ಹೇಳದೆ, ಮುಂದಿನ ಚೀಟಿಗಾಗಿ ಪಕ್ಕಕ್ಕೆ ಚಾಚಿತು.