ಕಾರಿನ ಬಾಗಿಲ ಮೇಲಿನ ಕೈ

ಅಪ್ಪಯ್ಯಣ್ಣನ ಕಾರು ಒಂದು ಕಾಲದಲ್ಲಿ ಹಸಿರಾಗಿತ್ತು ಎಂದರೆ ಆವತಿ ಊರಿನ ಮಕ್ಕಳು ನಂಬುತ್ತಿರಲಿಲ್ಲ. ಯುದ್ಧ ಶುರುವಾಗಿ ಪೆಟ್ರೋಲಿಗೆ ಕೂಪನ್ ಬಂದ ಮೇಲೆ ಆ ಹಳೆಯ ಫೋರ್ಡು ಹಿತ್ತಲ ಚಪ್ಪರದಡಿ ನಿಂತದ್ದು ನಿಂತೇ ಇತ್ತು. ಚಪ್ಪರದ ಗರಿ ಗಾಳಿಗೆ ಹಾರಿಹೋದರೂ ಹೊಸದಾಗಿ ಹೊದಿಸುವ ಮನಸ್ಸು ಯಜಮಾನನಿಗೆ ಬರಲಿಲ್ಲ. ಬಿಸಿಲಿಗೆ ಬಣ್ಣ ಬೆಂದು, ಒಲೆಯ ಬೂದಿ ಬಳಿದ ಹಾಗೆ ಕಾಣುತ್ತಿತ್ತು. ಬೆರಳಿನಿಂದ ಗೀರಿದರೆ ಉಗುರಿಗೆ ಪುಡಿ ಅಂಟುತ್ತಿತ್ತು. ಊರವರ ಬಾಯಿಗೆ ಕೆಲಸ ಬೇಕಲ್ಲ, 'ಬೂದಿಬಸವ' ಎಂದು ಹೆಸರಿಟ್ಟರು. ಮೊದಲಾಗಿದ್ದರೆ ದೊಣ್ಣೆ ಹಿಡಿದು ಬರುತ್ತಿದ್ದ ಅಪ್ಪಯ್ಯಣ್ಣ ಈಗ ಕೇಳಿಸಿಕೊಂಡೂ ಸುಮ್ಮನಾದ. ಹೆಂಡತಿ ಅಕ್ಕಯಮ್ಮ ತೀರಿಕೊಂಡ ಮೇಲೆ ಅವನು ಯಾರೊಂದಿಗೂ ಜಗಳಕ್ಕೆ ಹೋಗಿರಲಿಲ್ಲ. ಜಗಳವಾಡಿ ಮನೆಗೆ ಬಂದರೆ ಹೇಳಿಕೊಳ್ಳಲು ಯಾರಾದರೂ ಇರಬೇಕು ತಾನೆ?

ಮಕ್ಕಳಿರಲಿಲ್ಲ. ಹೊಲವನ್ನು ವಾರಕ್ಕೆ, ಅರ್ಧ ಬೆಳೆಯ ಪಾಲಿಗೆ, ಕೊಟ್ಟಿದ್ದ. ತನ್ನ ಹಿಟ್ಟು ತಾನೇ ಬೇಯಿಸಿಕೊಂಡು, ಮುದ್ದೆ ಕಟ್ಟುವ ಗೋಜಿಗೆ ಹೋಗದೆ, ಮಡಕೆಯಿಂದಲೇ ತೋಡಿಕೊಂಡು ತಿನ್ನುತ್ತಿದ್ದ. ಒಬ್ಬನೇ ಉಣ್ಣುವವನ ಹಿಟ್ಟು ದುಂಡಗಿದ್ದರೇನು, ಸೊಟ್ಟಗಿದ್ದರೇನು ಎಂಬುದು ಅವನ ವಾದ.

ಯುದ್ಧ ಮುಗಿದ ಮೇಲಿನ ಎರಡನೆಯ ಬೇಸಿಗೆಯಲ್ಲಿ ಬಾಮೈದ ಪಿಳ್ಳಪ್ಪ ಹತ್ತಿರದ ವಿಜಯಪುರದಿಂದ ಬಂದ. ಅಕ್ಕಯಮ್ಮನ ತಮ್ಮ ಇವನು. ರೇಷ್ಮೆ ನೂಲು ತೆಗೆಯುವ ಮನೆಯವನು. ಅವನ ಮಗಳು ಮುನಿಗಂಗಮ್ಮನಿಗೆ ಹೊಸಕೋಟೆ ಕಡೆಯ ಗಂಡು ಗೊತ್ತಾಗಿತ್ತು.

"ಬಾವ, ಗಂಗೀನ ಗಂಡನ್ ಮನೇಗೆ ನಿಮ್ ಕಾರಲ್ಲೇ ಕಳಿಸ್ಬೇಕು. ಅಕ್ಕ ಇದ್ದಾಗ ಅವಳಿಗೆ ಮಾತು ಕೊಟ್ಟಿದ್ಳು. ಪೆಟ್ರೋಲ್ ಕೂಪನ್ನು ನಾನ್ ಹೊಂದಿಸ್ತೀನಿ. ಆದ್ರೆ ಈ ಬೂದಿ ಬಣ್ಣದಾಗೆ ಬೇಡ, ಬೀಗರು ನಕ್ಬಿಡ್ತಾರೆ."

"ಇಂಜಿನ್ ಸರಿಯಾಗೈತೆ ಕಣಯ್ಯ."

"ಇಂಜಿನ್ನು ಯಾರ್ ನೋಡ್ತಾರೆ ಬಾವ? ಜನ ನೋಡೋದು ಮೇಲ್ಗಡೆ."

ಮಾತು ಕೊಟ್ಟವಳು ಅಕ್ಕಯಮ್ಮ. ಆದ್ದರಿಂದ ಇಲ್ಲ ಎನ್ನುವಂತಿರಲಿಲ್ಲ.

ಅಪ್ಪಯ್ಯಣ್ಣ ಬೆಂಗಳೂರಿನ ದಂಡುಪ್ರದೇಶದ ಒಂದು ಗ್ಯಾರೇಜಿಗೆ ಹೋಗಿ ಹೊಸ ಬಣ್ಣದ ಮಾತೆತ್ತಿದ. ಅಲ್ಲಿನ ಮೇಸ್ತ್ರಿ ಬೀಡಿ ಹಚ್ಚಿಕೊಂಡು, "ಹೊಸ ಬಣ್ಣ ಯಾಕಣ್ಣ? ಮೇಲಿನ ಪೊರೆ ಮಾತ್ರ ಸತ್ತಿರ್ತದೆ. ಅದನ್ನ ತೆಗೀರಿ, ಕೆಳಗೆ ಹಳೇ ಬಣ್ಣ ಹಂಗೇ ಕೂತಿರ್ತದೆ," ಎಂದು ಉಪಾಯ ಹೇಳಿಕೊಟ್ಟ. ಅಂಟುವಾಳದ ನೀರಿನಲ್ಲಿ ತೊಳೆಯಬೇಕು. ನುಣ್ಣಗೆ ಜಾಲಿಸಿದ ಸೀಮೆಸುಣ್ಣದ ಪುಡಿಗೆ ಸೀಮೆಎಣ್ಣೆ ಕಲಸಿ, ಬಟ್ಟೆ ಉಂಡೆಯಿಂದ ಉದ್ದಕ್ಕೆ ಉಜ್ಜಬೇಕು. ದುಂಡಗೆ ಉಜ್ಜಿದರೆ ಬಿಸಿಲಿನಲ್ಲಿ ಬಳೆಬಳೆಯಾಗಿ ಗೆರೆ ಕಾಣುತ್ತದೆ. ಕಡೆಗೆ ಜೇನುಮೇಣವನ್ನು ಟರ್ಪೆಂಟೈನಿನಲ್ಲಿ ಕರಗಿಸಿ ತೆಳ್ಳಗೆ ಸವರಿ, ರೇಷ್ಮೆ ಬಟ್ಟೆಯಿಂದ ಒರೆಸಬೇಕು. ರೇಷ್ಮೆ ಚಿಂದಿಗೆ ಪಿಳ್ಳಪ್ಪನ ಮನೆಯಲ್ಲಿ ಬರವೆ?

ಊರಿಗೆ ಬಂದು ಕಾರು ತೊಳೆಯಲು ಶುರುಮಾಡಿದ ದಿನವೇ ಒಂದು ಅನಾಹುತವಾಯಿತು.

ಅವರ ಮನೆಯಲ್ಲಿ ಒಂದು ಪದ್ಧತಿಯಿತ್ತು. ಆಯುಧಪೂಜೆಯ ದಿನ ಮನೆಯೊಡತಿ ಕೆಮ್ಮಣ್ಣನ್ನು ಹರಳೆಣ್ಣೆಯಲ್ಲಿ ಕಲಸಿ, ಬಲಗೈ ಅದ್ದಿ, ನೇಗಿಲು, ಗಾಡಿ, ಕಣಜ ಎಲ್ಲದರ ಮೇಲೂ ಕೈಗುರುತು ಒತ್ತಬೇಕು. ಒತ್ತಿದ್ದನ್ನು ಯಾರೂ ಒರೆಸಬಾರದು; ಗಾಳಿಗೆ, ಮಳೆಗೆ ತಾನಾಗಿ ಹೋಗಬೇಕು. ಕಾರು ಬಂದ ಮೇಲೆ ಅದರ ಬಾಗಿಲಿಗೂ ಒಂದು ಗುರುತು ಬೀಳತೊಡಗಿತು. ಓಡಾಡುವ ಕಾರಿನ ಮೇಲೆ ಅದು ಬೇಗ ಹೋಗುತ್ತಿತ್ತು. ನಿಂತ ಕಾರಿನ ಮೇಲೆ ಕಡೆಯ ವರ್ಷದ್ದು ಹಾಗೇ ಉಳಿದು, ಒಣಗಿ ಹಕ್ಕಳೆಯಾಗಿ ಅಂಟಿಕೊಂಡಿತ್ತು.

ಆ ಕಡೆಯ ವರ್ಷ ಅಕ್ಕಯಮ್ಮ ಹಾಸಿಗೆ ಹಿಡಿದಿದ್ದಳು. ಅತ್ತೆಯ ಆರೈಕೆಗೆಂದು ಗಂಗಿ ಬಂದಿದ್ದಳು, ಇನ್ನೂ ಲಂಗ ಉಡುವ ಹುಡುಗಿ. ಪೂಜೆಯ ದಿನ ಅಪ್ಪಯ್ಯಣ್ಣ ದೇವನಹಳ್ಳಿಗೆ ಔಷಧಿ ತರಲು ಹೋಗಿ ಸಂಜೆ ಬಂದರೆ, ಕಾರಿನ ಬಾಗಿಲ ಮೇಲೆ ಹಸಿಹಸಿ ಕೆಂಪು ಕೈ! ಓಡಿಹೋಗಿ, "ಎದ್ದಿದ್ಯಾ?" ಎಂದು ಕೇಳಿದ್ದ. "ವರ್ಷದ್ ಗುರ್ತು ತಪ್ಸಕ್ಕಾಯ್ತದಾ?" ಎಂದು ಅಕ್ಕಯಮ್ಮ ನಕ್ಕಿದ್ದಳು. ಅಂದು ಅವನು ಹೊಟ್ಟೆ ತುಂಬ ಉಂಡ. ಅವಳು ಎದ್ದು ಓಡಾಡಿದಳು, ಇನ್ನು ಭಯವಿಲ್ಲ ಎಂದು ಅರಳಿಕಟ್ಟೆಯವರೆಗೂ ಹೋಗಿ ಕಂಡವರಿಗೆಲ್ಲ ಹೇಳಿಬಂದ. ದೀಪಾವಳಿ ಬರುವಷ್ಟರಲ್ಲಿ ಅವಳು ಇರಲಿಲ್ಲ.

ಹಾಗಾಗಿ ಆ ಗುರುತನ್ನು ಬಿಟ್ಟು ಸುತ್ತಲೂ ತೊಳೆಯಬೇಕೆಂದು ಅಪ್ಪಯ್ಯಣ್ಣ ಲೆಕ್ಕ ಹಾಕಿಕೊಂಡಿದ್ದ. ಆದರೆ ನೀರಿಗೆ ಯಾವ ಲೆಕ್ಕ? ಮೇಲಿಂದ ಇಳಿದ ಅಂಟುವಾಳದ ನೊರೆ ಬಾಗಿಲ ಮೇಲೆ ಹರಿದು, ಒಣಮಣ್ಣು ಕದಲಿ, ಕೆಂಪಗೆ ನೆಲಕ್ಕೆ ಇಳಿಯಿತು. "ಅಯ್ಯಯ್ಯೋ" ಎಂದು ಅಂಗೈ ಅಡ್ಡ ಹಿಡಿದ. ಕೈಗೆ ಕೆಸರು ಬಂತು, ಅಷ್ಟೆ.

ಕೆಸರು ಹೋದ ಮೇಲೆ ನೋಡುತ್ತಾನೆ, ಕೈ ಅಲ್ಲೇ ಇದೆ. ಆದರೆ ಹಸಿರಾಗಿದೆ. ಇಷ್ಟು ವರ್ಷದ ಬಿಸಿಲನ್ನು ಆ ಎಣ್ಣೆಮಣ್ಣು ತಾನು ತಿಂದು, ತನ್ನ ಅಡಿಯ ಬಣ್ಣವನ್ನು ಕಾಪಾಡಿತ್ತು. ಬೂದಿಯಾದ ಬಾಗಿಲ ನಡುವೆ ಐದು ಬೆರಳು, ಒಂದು ಅಂಗೈ, ಕಾರು ಕೊಂಡ ದಿನದ ಕಡುಹಸಿರಿನಲ್ಲಿ ಹೊಳೆಯುತ್ತಿತ್ತು.

ಅಪ್ಪಯ್ಯಣ್ಣ ತನ್ನ ಕೈಯನ್ನು ಅದರ ಮೇಲಿಟ್ಟ. ಗುರುತು ಪೂರ್ತಿ ಮುಚ್ಚಿಹೋಯಿತು. ಇಷ್ಟು ಸಣ್ಣ ಕೈಯೇ ಇವಳದು? ಕಾಯಿಲೆಯಲ್ಲಿ ಸೊರಗಿತ್ತು ಪಾಪ ಎಂದುಕೊಂಡ. ಕಿರುಬೆರಳು ಹೊರಕ್ಕೆ ಸೊಟ್ಟಗಿತ್ತು. ನೋವಿನಲ್ಲಿ ನೆಟ್ಟಗೆ ಒತ್ತಲಾಗಲಿಲ್ಲವೇನೋ ಎಂದು ಅದಕ್ಕೂ ಸಮಾಧಾನ ಹುಡುಕಿದ. ಆ ದಿನದಿಂದ ಬಾಗಿಲ ಹತ್ತಿರ ಮಾತು ಶುರುವಾಯಿತು. "ನೋಡ್ದಾ, ನಿನ್ ತಮ್ಮ ನನ್ ಕೈಲಿ ಏನ್ ಕೆಲ್ಸ ಮಾಡಿಸ್ತಾವ್ನೆ," ಎನ್ನುತ್ತಿದ್ದ. ಮನೆಯಲ್ಲಿ ಮಾತು ಹುಟ್ಟಿದ್ದಕ್ಕೆ ಅವನಿಗೇ ಹಿತವೆನಿಸುತ್ತಿತ್ತು.

ಉಜ್ಜುವ ಕೆಲಸ ಕಾರಿನ ಮುಂಭಾಗದಿಂದ ನಡೆಯಿತು. ಒಂದು ಅಂಗೈಯಗಲ ಉಜ್ಜಿದರೆ ಬಟ್ಟೆಗೆ ಬೂದಿಬಣ್ಣದ ಹಸಿರು ಹತ್ತುತ್ತಿತ್ತು. ಒರೆಸಿದರೆ ಕೆಳಗಿನಿಂದ ಹಳೆಯ ಬಣ್ಣ ಇಣುಕುತ್ತಿತ್ತು. ರಟ್ಟೆ ಬಿದ್ದುಹೋಗುವಂತೆ ಉಜ್ಜಿದ. ಯುದ್ಧಕಾಲದ ಬ್ಲ್ಯಾಕೌಟಿನಲ್ಲಿ ಕಾರಿನ ದೀಪಗಳಿಗೆ ಬಳಿದಿದ್ದ ಕಪ್ಪನ್ನು ಕೆರೆದ. ರೇಷ್ಮೆ ಹಿಡಿದು ಒರೆಸಿದಾಗ ಬಾನೆಟ್ಟಿನಲ್ಲಿ ಹಿತ್ತಲ ನುಗ್ಗೆಮರ ಕಂಡಿತು. 'ಬೂದಿಬಸವ' ಎಂದವರೇ ಬೇಲಿಯಾಚೆ ನಿಂತು ಬಾಯಿಬಿಟ್ಟು ನೋಡಿದರು.

ಕಡೆಗೆ ಆ ಬಾಗಿಲು ಉಳಿಯಿತು. ಕೈಯನ್ನು ಮುಟ್ಟದೆ ಅಂಚಿನಿಂದ ಉಜ್ಜಿಕೊಂಡು ಬಂದ. ಸೊಟ್ಟ ಕಿರುಬೆರಳಿನ ಸುತ್ತ ಉಜ್ಜಿ ಒರೆಸಿ ಬಗ್ಗಿ ನೋಡಿದ. ಬೆರಳ ತುದಿ ಇಲ್ಲ! ಅವನು ಅದನ್ನು ಅಳಿಸಿರಲಿಲ್ಲ. ಸುತ್ತಲ ಬಣ್ಣವೂ ಅದೇ ಹಸಿರಾದ ಮೇಲೆ ಬೆರಳು ಅದರೊಳಗೆ ಸೇರಿಹೋಗಿತ್ತು. ಕಾರು ಚೆನ್ನಾದಷ್ಟೂ ಕೈ ಇಲ್ಲವಾಗುತ್ತದೆ. ಉಳಿಸಿಕೊಳ್ಳಬೇಕಾದರೆ ಸುತ್ತ ಬೂದಿ ಇರಲೇಬೇಕು. ಬಟ್ಟೆ ಎಸೆದು ಎದ್ದ.

ಮದುವೆಗೆ ಮುಂಚೆ ಅಕ್ಕಯಮ್ಮನ ಹೆಸರಿನಲ್ಲಿ ಎಡೆಯಿಟ್ಟು ಸೀರೆ ಪೂಜಿಸಲು ಪಿಳ್ಳಪ್ಪ ಮಗಳನ್ನು ಕರೆದುಕೊಂಡು ಬಂದ. ಕಾರು ನೋಡಿ ಹಿಗ್ಗಿದವನು ಸುತ್ತು ಹಾಕಿ ಬಾಗಿಲ ಹತ್ತಿರ ನಿಂತ.

"ಇದೇನ್ ಬಾವ, ಎಲ್ಲಾ ಮಾಡಿ ಇಲ್ಲೊಂದು ಕಜ್ಜಿ ಬಿಟ್ಟಿದ್ದೀರ? ಕೊಡಿ ಇಲ್ಲಿ, ನಾನೇ ಉಜ್ಜಾಕ್ತೀನಿ," ಎಂದು ಬಟ್ಟೆ ಎತ್ತಿಕೊಂಡ.

"ಮುಟ್ಬೇಡ!" ಅಪ್ಪಯ್ಯಣ್ಣ ಕೂಗಿದ ಕೂಗಿಗೆ ಪಕ್ಕದ ಮನೆ ಕೊಟ್ಟಿಗೆಯ ಎತ್ತು ತಲೆಯೆತ್ತಿತು. "ಅದು ನಿಮ್ಮಕ್ಕನ ಕೈ ಕಣೋ. ಕಣ್ ಕಾಣಕ್ಕಿಲ್ವಾ?"

ಪಿಳ್ಳಪ್ಪ ನೋಡಿದ. ಬಟ್ಟೆ ಕೆಳಗಿಟ್ಟ. ಮೆಲ್ಲಗೆ, "ಹಂಗಂತ ಮದ್ವೆ ಕಾರು ಹಿಂಗಿದ್ರೆ ಹೆಂಗೆ ಬಾವ?" ಎಂದ.

"ಹಿಂಗೇ ಬತ್ತದೆ. ಬ್ಯಾಡ ಅಂದ್ರೆ ಬರಕ್ಕಿಲ್ಲ. ನೀನು ಎತ್ತಿನಗಾಡೀಲಿ ಕಳಿಸ್ಕೊ."

ಗಂಗಿ ಬಾಗಿಲ ಹತ್ತಿರ ಬಂದು ನಿಂತಳು. ಗುರುತನ್ನೇ ನೋಡಿದಳು. ಅವಳ ಮುಖ ಸಣ್ಣಗಾಯಿತು.

"ಮಾವ," ಅಂದಳು, "ಅದು ಅತ್ತೆ ಕೈಯಲ್ಲ."

"ಏನಂದೆ?"

"ನಂದು." ಬಲಗೈ ಮುಂದೆ ಹಿಡಿದಳು. ಚಿಕ್ಕವಳಿದ್ದಾಗ ನೂಲಿನ ರಾಟೆಗೆ ಸಿಕ್ಕಿ ಮುರಿದ ಕಿರುಬೆರಳು ಹೊರಕ್ಕೆ ಸೊಟ್ಟಗಿತ್ತು. "ಅವತ್ತು ಅತ್ತೇಗೆ ಎದ್ದು ಕೂರಕ್ಕೂ ಆಗ್ಲಿಲ್ಲ. ನೀನೇ ಒತ್ತು ಅಂತ ನನ್ನ ಕಳಿಸಿದ್ರು. ನಿಮ್ ಮಾವನ್ಗೆ ಹೇಳ್ಬೇಡ, ನಾನೇ ಎದ್ದೆ ಅಂದ್ಕೊಂಡು ಒಂದಿನನಾದ್ರೂ ನೆಮ್ಮದಿಯಾಗಿ ಉಣ್ಲಿ ಅಂದ್ರು. ಇವತ್ತಿನ್ಗಂಟ ಯಾರ್ಗೂ ಹೇಳಿರ್ಲಿಲ್ಲ ಮಾವ." ಅಳತೊಡಗಿದಳು.

ಅಪ್ಪಯ್ಯಣ್ಣ ಅವಳ ಬೆರಳನ್ನೂ ಬಾಗಿಲನ್ನೂ ಮತ್ತೆ ಮತ್ತೆ ನೋಡಿದ. ಸಿಟ್ಟು ಬರಲಿಲ್ಲ. ನಾಚಿಕೆಯಾಯಿತು. ಇಷ್ಟು ವರ್ಷ ಸಂಸಾರ ಮಾಡಿ ಹೆಂಡತಿಯ ಕೈ ಯಾವುದೆಂದು ತಿಳಿಯದೆ, ಒಂದು ಮಗುವಿನ ಕೈಯನ್ನು ಹಿಡಿದುಕೊಂಡು ಮಾತಾಡಿದ್ದೆನಲ್ಲ ಎನಿಸಿತು. ಗಂಗಿಯ ತಲೆ ಸವರಿ, "ಅಳ್ಬೇಡ ಮಗ. ಮದ್ವೆ ಹೆಣ್ಣು ಅಳಬಾರ್ದು," ಎಂದ. ಬಗ್ಗಿ ಬಟ್ಟೆ ಎತ್ತಿಕೊಂಡು, ಉದ್ದಕ್ಕೆ ಉಜ್ಜತೊಡಗಿದ. ಬೂದಿ ಹೋಗುತ್ತ ಬಂದ ಹಾಗೆ ಬೆರಳುಗಳು ಒಂದೊಂದೇ ಹಸಿರಿನೊಳಗೆ ಸೇರಿದವು. ಕಡೆಗೆ ಅಂಗೈಯೂ ಹೋಯಿತು. ಮೇಣ ಸವರಿ ರೇಷ್ಮೆಯಲ್ಲಿ ಒರೆಸಿದಾಗ ಎಲ್ಲಿತ್ತೆಂದು ಅವನಿಗೇ ಗೊತ್ತಾಗಲಿಲ್ಲ.

ಮದುವೆ ಚೆನ್ನಾಗಿ ಆಯಿತು. ಸೇವಂತಿಗೆ ಕಟ್ಟಿದ ಕಾರನ್ನು ಬೀಗರು ಸುತ್ತು ಹಾಕಿ ನೋಡಿ, ಹೊಸದೇ ಎಂದು ಕೇಳಿದರು. ಪಿಳ್ಳಪ್ಪ ಮೀಸೆ ತಿರುವಿದ. ಗಂಗಿಯನ್ನು ಇಳಿಸಿ, ಕೊಟ್ಟ ಎಲೆಯಡಿಕೆ ತೆಗೆದುಕೊಂಡು, ಅಪ್ಪಯ್ಯಣ್ಣ ಖಾಲಿ ಕಾರಿನಲ್ಲಿ ಹಿಂದಿರುಗಿದ.

ದಾರಿಯುದ್ದಕ್ಕೂ ಒಂದೇ ಯೋಚನೆ. ಹಾಗಾದರೆ ಅವಳ ಕೈ ಹೇಗಿತ್ತು? ಮುಖ ನೆನಪಿದೆ, ಗದರುವ ದನಿ ನೆನಪಿದೆ, ಕೈ ಮಾತ್ರ ಕಣ್ಣಿಗೆ ಬರಲೊಲ್ಲದು. ಸೂಲಿಬೆಲೆ ಹತ್ತಿರ ಕೆರೆ ಏರಿಯ ಮೇಲೆ ಒಬ್ಬ ಬಳೆಗಾರ ಬಳೆಗಳ ಮಲಾರ ಹೊತ್ತು ನಡೆದು ಬರುತ್ತಿದ್ದ. ಧೂಳಿಗೆ ಮುಖ ತಿರುಗಿಸಿ ನಿಂತ ಅವನನ್ನು ದಾಟಿದ್ದೇ ತಡ, ಅಪ್ಪಯ್ಯಣ್ಣ ಕಾರು ನಿಲ್ಲಿಸಿಬಿಟ್ಟ.

ಅವರೂರ ಬಳೆಗಾರ ಅಕ್ಕಯಮ್ಮನ ಸರದಿಯನ್ನು ಯಾವಾಗಲೂ ಕಡೆಗೆ ಇಟ್ಟುಕೊಳ್ಳುತ್ತಿದ್ದ. ಎಣ್ಣೆ ಹಚ್ಚಿ, ಹಿಸುಕಿ, ಬೆವರು ಸುರಿಸಿ, "ತಾಯಿ, ನಿಮ್ ಕೈ ಅಳತೆ ನನ್ ಮಲಾರದಾಗೇ ಇಲ್ಲ," ಎನ್ನುತ್ತಿದ್ದ. ಜಗಲಿಯಲ್ಲಿ ಕೂತ ಅಪ್ಪಯ್ಯಣ್ಣನೇ ಗಟ್ಟಿಯಾಗಿ ನಗುತ್ತಿದ್ದ. ದೊಡ್ಡ ಕೈ ಅವಳದು. ಅಗಲವಾದ, ಒರಟಾದ, ಕುಡುಗೋಲು ಹಿಡಿದು ಗಂಟುಕಟ್ಟಿದ ಕೈ. ಆ ಕೈ ಕಟ್ಟಿದ ಮುದ್ದೆ ತಟ್ಟೆಯಲ್ಲಿ ಕೂತರೆ ಸಾರಿಗೆ ಜಾಗವಿರುತ್ತಿರಲಿಲ್ಲ. ಇದೆಲ್ಲ ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಬಾಗಿಲ ಮೇಲಿನ ಸಣ್ಣ ಕೈಯನ್ನು ನಂಬಿದ್ದ, ಏಕೆಂದರೆ ಅವಳು ಅಂದು ಎದ್ದಿದ್ದಳು ಎಂದು ನಂಬಲೇಬೇಕಿತ್ತು. ಏರಿಯ ಮೇಲೆ, ಹೊಳೆಯುವ ಕಾರಿನೊಳಗೆ ಕೂತು ಅವನು ಬಾಯಿಬಿಟ್ಟು ಅತ್ತ. ಬಳೆಗಾರ ಹತ್ತಿರ ಬಂದು, "ಯಾಕಪ್ಪಾ ಯಜಮಾನ್ರೆ, ಕಾರು ಕೆಟ್ಟೋಯ್ತಾ?" ಎಂದು ಕೇಳಿದ. "ಇಲ್ಲ, ಸರಿಯಾಗೈತೆ," ಎಂದು ಮುಖ ಒರೆಸಿಕೊಂಡ.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಒಲೆ ಹಚ್ಚಿ ಹಿಟ್ಟು ಬೇಯಿಸಿದ. ಅಂದು ಮಡಕೆಯಿಂದ ತೋಡಿಕೊಳ್ಳಲಿಲ್ಲ. ಕೈ ಒದ್ದೆ ಮಾಡಿಕೊಂಡು, ಬಿಸಿಗೆ ಹಾ ಹೂ ಎನ್ನುತ್ತ, ಅವಳು ಕಟ್ಟುತ್ತಿದ್ದಷ್ಟೇ ದೊಡ್ಡ ಮುದ್ದೆ ಕಟ್ಟಿ ತಟ್ಟೆಯ ನಡುವೆ ಇಟ್ಟ. ಆಕಾರ ಅಷ್ಟು ಸರಿ ಬರಲಿಲ್ಲ, ಅಳತೆ ಮಾತ್ರ ಸರಿಯಾಗಿತ್ತು. ಪೂರ್ತಿ ಉಣ್ಣಲು ನೋಡಿದ, ಆಗಲಿಲ್ಲ. ಅರ್ಧ ಉಳಿಯಿತು. ಇದನ್ನು ಯಾರಿಗೆ ಹಾಕಲಿ ಎಂದು ಮನೆಯ ಸುತ್ತ ನೋಡಿ, ತಟ್ಟೆಯ ಮುಂದೆ ಕೂತೇ ಇದ್ದ.