ಹೊರುವ ಹಿಮ

ಹಗ್ಗ ಬೆಚ್ಚಗಿದೆ, ಬಿಸಿಲಿಗೋ ನನ್ನ ಅಂಗೈಯ ಕಾವಿಗೋ ತಿಳಿಯುತ್ತಿಲ್ಲ, ಬೆಳಿಗ್ಗೆ ಕಬ್ಬಿಣದ ಸರಳಿನ ಹಾಗೆ ಸೆಟೆದಿದ್ದದ್ದು ಹೊತ್ತೇರುತ್ತಾ ಮೆತ್ತಗಾಗಿದೆ, ಹಗ್ಗ ಮೆತ್ತಗಾದರೆ ಹಿಮವೂ ಮೆತ್ತಗಾದಂತೆ, ಬೇಗ ಆಗಬೇಕು, ಬೇಗ — ಕೆಳಗೆ ಕೊರಕಲಿನಲ್ಲಿ ಮಗಳು ಸುನ್ನಾ ಹೂತ ಹಿಮದ ಸ್ಕೂಟರಿನ ಹೊಟ್ಟೆಯಡಿ ಸಲಿಕೆ ಹಾಕಿ ಹಿಮ ಎತ್ತಿ ಎಸೆಯುತ್ತಿದ್ದಾಳೆ, ಇಲ್ಲಿಂದ ನನಗೆ ಕಾಣುವುದು ಅವಳ ಕತ್ತಿನ ಹಿಂಭಾಗ ಮಾತ್ರ, ಟೋಪಿಗೂ ಕೋಟಿಗೂ ನಡುವೆ ಒಂದಿಷ್ಟು ಬರಿ ಚರ್ಮ, ಬಿಸಿಲಿಗೆ ಕೆಂಪಾಗಿದೆ, ಮುಚ್ಚಿಕೊಳ್ಳೇ ಅಂದರೆ ಕೇಳುವವಳಲ್ಲ, ಅವಳಮ್ಮನೂ ಕೇಳುತ್ತಿರಲಿಲ್ಲ. ಸ್ಕೂಟರಿನ ಮೂತಿ ಇಳಿಜಾರಿನ ಕಡೆಗೆ, ಚಕ್ರದ ಬದಲು ಉರುಳುವ ಹಿಂದಿನ ರಬ್ಬರು ಪಟ್ಟಿ ಸೊಂಟದಾಳ ಹಿಮದಲ್ಲಿ, ಅದರ ಮುಂದೆ ಒಂದಷ್ಟು ದೂರ ಬಿಳುಪು, ಆಮೇಲೆ ಬಂಡೆಯ ಅಂಚು, ಅಂಚಿನಾಚೆ ಏನೂ ಇಲ್ಲ, ಗಾಳಿ, ಎಲ್ಲೋ ಆಳದಲ್ಲಿ ಹೆಪ್ಪುಗಟ್ಟಿದ ಸರೋವರ. ನಿನ್ನೆ ಗಬ್ಬದ ಹಿಮಸಾರಂಗಗಳ ಒಂದು ಗುಂಪು ನಮ್ಮ ಹಿಂಡು ಬಿಟ್ಟು ಈ ಕಡೆ ತಿರುಗಿತ್ತು, ಅವನ್ನು ಮರಳಿಸಲು ಹೋದವಳು ಗೊರಸಿನ ಗುರುತು ಹಿಡಿದೇ ಕೊರಕಲಿಗೆ ನುಗ್ಗಿದ್ದಾಳೆ, ಸಾರಂಗ ದಾಟಿದೆ ಅಂದ್ರೆ ಹಿಮ ಹೊರುತ್ತೆ ಅಂತ ತಾನೇ ಅಪ್ಪಾ, ಹೌದು ಮಗಳೇ, ಹೊರುತ್ತದೆ, ನಮ್ಮವರು ಯಾರಾದರೂ ಹಾಗೇ ನುಗ್ಗುತ್ತಿದ್ದರು, ನನಗೆ ಅಪ್ಪ ಹೇಳಿದ್ದ, ಅಪ್ಪನಿಗೆ ಅಜ್ಜ, ಆ ಮಾತು ಹುಟ್ಟಿದ ಕಾಲದಲ್ಲಿ ಹಿಮದ ಮೇಲೆ ಓಡಾಡುತ್ತಿದ್ದದ್ದು ಸಾರಂಗ, ನಾಯಿ, ಸ್ಕೀ ಕಟ್ಟಿದ ಮನುಷ್ಯ, ಹೊರುತ್ತೆ ಅಂದರೆ ಯಾರನ್ನ ಅಂತ ಯಾರೂ ಕೇಳುತ್ತಿರಲಿಲ್ಲ, ಇವತ್ತಿಗೂ ಕೇಳುವುದಿಲ್ಲ, ಮೇಲಿನ ಪದರ ಗೊರಸು ತಾಳುತ್ತದೆ, ಕೆಳಗೆ ಸಕ್ಕರೆಯ ಹಾಗೆ ಉದುರುದುರು, ಈ ಗಾಡಿಯ ತೂಕ ಅದಕ್ಕೇನು ಗೊತ್ತು.

ಗಾಡಿ ಹೋದರೆ ಹೋಗಲಿ ಬಿಡೇ ಅಂದೆ, ಬೆಳಿಗ್ಗೆ ನಮ್ಮ ವಾಡಿಕೆಯಂತೆ ಕಾಫಿಗೆ ಗಿಣ್ಣಿನ ಚೂರು ಹಾಕಿಕೊಳ್ಳುವಾಗ ಅಂದೆ, ಅವಳು ಲೋಟ ಕೆಳಗಿಟ್ಟಳು, ಹೋಗಲಿ ಅಂದ್ರೆ ಹಿಂಡಿನ ಹಿಂದೆ ನಾನೇನು ಹಾರ್ಕೊಂಡು ಹೋಗ್ಲಾ ಅಪ್ಪಾ, ನಾನು ಹೋಗೋಷ್ಟರಲ್ಲಿ ಅವು ಮರಿ ಹಾಕಿರ್ತವೆ, ಹದ್ದುಗಳು ಹಬ್ಬ ಮಾಡಿರ್ತವೆ. ಅದೂ ನಿಜ, ಅದಕ್ಕೇ ಎದ್ದು ಬಂದೆ. ತಮ್ಮನ ಮಗ ಆಂತೆಯೂ ಬಂದ, ಕೊರಕಲು ಇಣುಕಿ ನೋಡಿ ಬಾಯಿ ಸುಮ್ಮನಿಟ್ಟುಕೊಳ್ಳಬೇಕಲ್ಲ, ಏನೇ ಸುನ್ನಾ, ಗಾಡೀನ ಮೇಯೋಕೆ ಬಿಟ್ಟಿದ್ದೀಯಾ, ಅಲ್ಲಿ ಕಲ್ಲುಹೂವು ಚೆನ್ನಾಗಿ ಬೆಳೆದಿದ್ಯಾ, ಅವಳು ತಲೆ ಎತ್ತದೆ, ನಿಂದು ಹೋದ್ವರ್ಷ ಸರೋವರದಲ್ಲಿ ಈಜು ಕಲೀತಲ್ಲ, ಅದಕ್ಕಿಂತ ವಾಸಿ ಕಣೋ, ಹಗ್ಗ ಎಸಿ ಮೊದ್ಲು. ಆಂತೆ ಈಗ ಗುಡ್ಡದ ನೆತ್ತಿಯಾಚೆ ಇದ್ದಾನೆ, ದೊಡ್ಡ ಹಗ್ಗದ ಒಂದು ತುದಿ ಅವನ ಸ್ಕೂಟರಿಗೆ, ಇನ್ನೊಂದು ಇವಳದಕ್ಕೆ, ಅವನಿಗೆ ಕೊರಕಲು ಕಾಣದು, ಅವಳಿಗೆ ಅವನು ಕಾಣ, ನಡುವೆ ನಾನು, ಎರಡನೇ ಹಗ್ಗವನ್ನು ಬಂಡೆಗೊಂದು ಸುತ್ತು ಹಾಕಿ, ಸ್ಕೂಟರಿನ ಹಿಂಬದಿ ತೂಗಾಡದಂತೆ ಹಿಡಿದು ಕೂತಿದ್ದೇನೆ, ಕೂಗುವ ಕೆಲಸವೂ ನನ್ನದೇ, ದೊಡ್ಡಪ್ಪ, ನೀನು ಮೂರು ಮಾತಾಡು ಸಾಕು, ಎಳಿ, ನಿಲ್ಸು, ಬಿಡು, ಇಡೀ ಚಳಿಗಾಲಕ್ಕೆ ನೀನಾಡೋದೇ ಅಷ್ಟು ಅಂತ ನಕ್ಕ ಹುಡುಗ, ನಗಲಿ. ಪಟ್ಟಿ ಜಾರದಿರಲಿ ಅಂತ ಸುನ್ನಾ ಸೀಟಿನ ಮೇಲಿನ ಸಾರಂಗದ ಚರ್ಮ ಎಳೆದು ಅದರಡಿ ತುರುಕುತ್ತಿದ್ದಾಳೆ, ಕೂದಲು ಮೇಲ್ಮುಖವಾಗಿ, ಸರಿ, ಹಾಗೇ, ಪಕ್ಕದ ಕಾಲ್ಮೆಟ್ಟಿಲ ಮೇಲೆ ನಿಂತೇ ಚಾಲು ಮಾಡು, ಕಾಲು ಹಾಕಿ ಕೂರಬೇಡ ಅಂದಿದ್ದೆ, ಕೂತೇಬಿಟ್ಟಳು, ಕುದುರೆ ಸವಾರಳ ಹಾಗೆ, ಬೆನ್ನು ನನ್ನ ಕಡೆಗೆ, ಆ ಕೆಂಪು ಕತ್ತು ನನ್ನ ಕಡೆಗೆ, ರಿವರ್ಸಿನಲ್ಲಿ ಎಂಜಿನ್ನು ಗುರ್ರೆಂದಿತು, ಎಳೀ ಅಂದೆ, ದೊಡ್ಡ ಹಗ್ಗ ನೆತ್ತಿಯ ಹಿಮ ಕೊರೆಯುತ್ತಾ ಬಿಗಿಯಾಯಿತು, ಸ್ಕೂಟರು ಒಂದು ಮೊಳ ಹಿಂದೆ ಬಂತು, ಬಂತು ಬಂತು, ಹೆಣ್ಣೇ, ಬರುತ್ತಿದೆ — ಆಗ ಆ ಸದ್ದು.

ದೊಡ್ಡದೇನಲ್ಲ, ನೆಲದೊಳಗೆ ಯಾರೋ ಉಸಿರು ಬಿಟ್ಟ ಹಾಗೆ, ಕಿವಿಗಿಂತ ಮೊದಲು ಕೂತಲ್ಲಿ ಗೊತ್ತಾಯಿತು, ಆಮೇಲೆ ಕಂಡಿತು ಗೆರೆ, ಕೂದಲೆಳೆಯಷ್ಟು, ನನಗೂ ಅವಳಿಗೂ ನಡುವೆ, ಕೊರಕಲಿನ ಉದ್ದಕ್ಕೂ ಎಡದಿಂದ ಬಲಕ್ಕೆ ಓಡುತ್ತಿದೆ, ಗೆರೆಯ ಕೆಳಗಿನದೆಲ್ಲ ಇನ್ನು ಹಿಮವಲ್ಲ, ಹೊರಟ ಬಂಡಿ, ಅವಳು ಆ ಬಂಡಿಯಲ್ಲಿದ್ದಾಳೆ. ನಿಲ್ಸೂ ಅಂತ ಕೂಗಿದೆ, ನೆತ್ತಿಯಾಚೆ ಆಂತೆ ನಿಲ್ಲಿಸಿದ, ಇವಳಿಗೆ ಎಂಜಿನ್ನಿನ ಸದ್ದು, ಕೇಳಿಲ್ಲ, ಹಿಡಿಕೆ ಒತ್ತುತ್ತಲೇ ಇದ್ದಾಳೆ, ಸುನ್ನಾ ಅಂದೆ, ಸುನ್ನಾ, ಗಾಡಿ ಬಿಡೇ, ಬಿ— ಅಯ್ಯೋ, ಆ ಮಾತು ಆಡುವ ಹಾಗಿಲ್ಲ, ಆ ಮಾತು ಮೊದಲು ಹೋಗುವುದು ಆಂತೆಯ ಕಿವಿಗೆ, ಅವನು ಹಗ್ಗ ಬಿಟ್ಟುಬಿಡುತ್ತಾನೆ, ಬಿಟ್ಟರೆ ಗಾಡಿ, ಗಾಡಿಯ ಮೇಲೆ ಇವಳು, ಬಿಡು ಅನ್ನುವುದಕ್ಕೆ ನಮ್ಮಲ್ಲಿ ಇನ್ನೊಂದು ಮಾತು ಯಾಕಿಲ್ಲ, ಇಳಿ ಅನ್ನಲೇ, ಇಳಿಯುವುದೆಲ್ಲ ಇಲ್ಲಿ ಕೆಳಕ್ಕೇ, ಹತ್ತು ಅನ್ನಲೇ, ಆಂತೆ ಏನೆಂದುಕೊಂಡಾನು, ಏನ್ ದೊಡ್ಡಪ್ಪಾ ಅನ್ನುತ್ತಿದ್ದಾನೆ, ಎಳೀಲಾ, ಎಳೀಬೇಡ ಕಣೋ, ನಿಲ್ಸು, ನಿಲ್ಸು, ಗೆರೆ ಬೆರಳಗಲವಾಗಿದೆ, ಒಳಗೆ ನೀಲಿ ಕಾಣುತ್ತಿದೆ, ತಿರುಗೇ, ಒಂದು ಸಲ ತಿರುಗೇ ತಾಯಿ, ಕತ್ತು ತಿರುಗುವುದಿಲ್ಲ, ಅಪ್ಪ ಹಗ್ಗ ಹಿಡಿದಿದ್ದಾನೆ ಅನ್ನುವ ಧೈರ್ಯದ ಕತ್ತು ಅದು, ಚಿಕ್ಕಂದಿನಲ್ಲಿ ಸಾರಂಗದ ದೊಡ್ಡಿಯಲ್ಲಿ ಹೀಗೇ ನಿಲ್ಲುತ್ತಿದ್ದಳು, ಮೊಣಕಾಲೆತ್ತರದವಳು, ಕುಣಿಕೆ ಎಸೆದು ಬೇರೆ ಯಾರದೋ ಕಿವಿಗುರುತು ಕೊಯ್ದ ಗಂಡು ಸಾರಂಗಕ್ಕೆ ಜೋತುಬೀಳುತ್ತಿದ್ದಳು, ದೊಡ್ಡಿಯಲ್ಲಿ ಕೂಗುವ ಹಾಗಿಲ್ಲ, ಕೂಗಿದರೆ ಹಿಂಡು ಬೆದರುತ್ತದೆ, ಹಿಂದೆ ನಿಂತು ನಾನೂ ಹಿಡಿದಿರುತ್ತಿದ್ದ ಅವಳ ಹಗ್ಗವನ್ನು ಒಂದು ಸಲ ಸಡಿಲ ಬಿಡುತ್ತಿದ್ದೆ, ಅಷ್ಟೇ, ಅದು ನಮ್ಮದಲ್ಲ ಮಗಳೇ ಅಂತ ಅರ್ಥ, ತಕ್ಷಣ ಕೈಬಿಟ್ಟು ತಿರುಗಿ ನೋಡುತ್ತಿದ್ದಳು, ಅಳುಮುಖ ಮಾಡಿಕೊಂಡು — ನಾನೇನೂ ಯೋಚಿಸಲಿಲ್ಲ, ಅಂಗೈ ತಾನೇ ತೆರೆದುಕೊಂಡಿತು, ಬಂಡೆಯ ಸುತ್ತಿನಿಂದ ಒಂದು ಗೇಣು ಹಗ್ಗ ಸರಕ್ಕೆಂದು ಹೋಯಿತು, ಸ್ಕೂಟರಿನ ಹಿಂಬದಿ ಪಕ್ಕಕ್ಕೆ ತೂಗಿತು, ಏನು ಮಾಡಿದೆ, ಬೀಳಿಸಿದೆನೇನೋ, ಇಲ್ಲ, ಅವಳು ತಿರುಗಿದಳು, ಮುಖ, ಅದೇ ಮುಖ, ನನ್ನನ್ನು ನೋಡಿದಳು, ನನ್ನ ಕಣ್ಣು ಹೋದಲ್ಲಿ ಅವಳ ಕಣ್ಣೂ ಹೋಯಿತು, ಗೆರೆ ಕಂಡಳು. ಹಿಡಿಕೆ ಕೈಯಿಂದ ಹೋಯಿತು, ಮೇಲ್ಮುಖವಾಗಿ ಹಾರಿದಳು, ಮೊಣಕೈ, ಮಂಡಿ, ಸಾರಂಗ ನೀರಿನಿಂದ ದಡ ಹತ್ತುವ ಹಾಗೆ, ಒದೆಯೇ, ಇನ್ನೊಂದು ಸಲ ಒದೆಯೇ, ಗೆರೆ ದಾಟಿ ನನ್ನ ಬೂಟಿನ ಮುಂದೆ ಬೋರಲು ಬಿದ್ದಳು, ಅವಳ ಹಿಂದೆ ಇಡೀ ಬಿಳುಪು ಸದ್ದಿಲ್ಲದೆ ಕದಲಿತು, ನೆತ್ತಿಯಾಚೆ ಆಂತೆಯ ಸ್ಕೂಟರು ಕಿರುಚಿತು, ಎಳೀತಿದೆ ದೊಡ್ಡಪ್ಪಾ, ನನ್ನನ್ನೂ ಎಳೀತಿದೆ, ಆಗ ಅಂದೆ, ಗಂಟಲು ಹರಿಯುವ ಹಾಗೆ, ಬಿಡೋ, ಬಿಡು, ಬಿಡು.

ಎರಡೂ ಹಗ್ಗ ಹೋದವು, ನನ್ನ ಅಂಗೈಯ ಚರ್ಮವೂ ಒಂದಿಷ್ಟು ಹೋಯಿತು, ಅಂಚಿನಾಚೆ ಸ್ವಲ್ಪ ಹೊತ್ತು ಏನೂ ಇಲ್ಲ, ಆಮೇಲೆ ಸರೋವರ ಒಮ್ಮೆ ಗುಡುಗಿ ಸುಮ್ಮನಾಯಿತು, ಗಾಳಿಗೆ ಎದ್ದ ಹಿಮದ ಪುಡಿ ನಮ್ಮ ಮೇಲೆಯೇ ಬೀಳುತ್ತಿದೆ, ಸುನ್ನಾ ಎಲ್ಲಿ ದೊಡ್ಡಪ್ಪಾ, ಹೇಳು ಮಾರಾಯಾ, ಎಲ್ಲಿ ಅವಳು, ಆಂತೆ ಓಡಿ ಬರುತ್ತಿದ್ದಾನೆ, ಹಿಮ ಮುರಿಯುವ ಸದ್ದು, ಹೇಳುತ್ತೇನೆ ತಾಳು, ಬೋರಲು ಮಲಗಿದವಳು ಅಲುಗಾಡುತ್ತಿಲ್ಲ, ಟೋಪಿ ಹೋಗಿದೆ, ಕತ್ತು ನನ್ನ ಕೈಗೆ ಎಟುಕುವಷ್ಟು ಹತ್ತಿರ, ಕೈ ಮಾತ್ರ ಏಳುತ್ತಿಲ್ಲ, ಆ ಕೆಂಪಿನ ಮೇಲೆ ಪುಡಿ ಕೂತು ಬೆಳ್ಳಗಾಗುತ್ತಿದೆ, ಹಾಗೇ ಕೂತಿದೆ, ಹಾಗೇ, ಮೈಯಲ್ಲಿ ಬಿಸಿಯಿದ್ದರೆ ಕರಗಬೇಕು, ಕರಗೇ, ಕರಗು — ಅಂಚಿನಲ್ಲೊಂದು ಕಣ ನೀರಾಯಿತು, ಪಕ್ಕದ್ದೂ ಆಯಿತು, ಒಂದು ಹನಿ, ಕೆಂಪು ಕತ್ತಿನ ಮೇಲೆ, ಇಳಿಯುತ್ತಿದೆ.