ಕುಪವಾಡದಲ್ಲಿ ತತ್ತಿ ಕಾಯುವ ಡೈನೋಸಾರ್

೧

ಮೊದಲ ವಾಕ್ಯವನ್ನು ಈಗಷ್ಟೇ ಹೊಡೆದುಹಾಕಿದೆ. "ಸುಮಾರು ಏಳು ಕೋಟಿ ವರ್ಷಗಳ ಹಿಂದೆ ಒಂದು ತಾಯಿ..." ಎಂದಿತ್ತು. ಅಷ್ಟು ಹಿಂದಿನಿಂದ ಹೊರಟರೆ ಸಾಂಗ್ಲಿ ಹತ್ತಿರದ ಕುಪವಾಡ ಕೈಗಾರಿಕಾ ವಸಾಹತು ತಲುಪುವಷ್ಟರಲ್ಲಿ ನೀವು ನಾಲ್ಕು ಸಲ ಆಕಳಿಸಿರುತ್ತೀರಿ. "ಜಯಕುಮಾರರ ಶೆಡ್ಡಿನಲ್ಲಿ ಡೈನೋಸಾರ್ ನಿಂತಿತ್ತು" ಎಂದೆ. ಅದು ಸುಳ್ಳು. ಹದಿನೈದು ಮೀಟರ್ ಉದ್ದದ ಪ್ರಾಣಿ ಯಾವ ಶೆಡ್ಡಿನಲ್ಲಿ ಹಿಡಿಸೀತು? ಅದು ಅಂಗಳದಲ್ಲಿ ನಿಂತಿತ್ತು. ಮಿರಜಿನಿಂದ ಬರುವ ಟೆಂಪೋದವರು ಗಾಡಿ ನಿಲ್ಲಿಸಿ ಸೆಲ್ಫಿ ತೆಗೆದುಕೊಂಡು ಹೋಗುತ್ತಿದ್ದರು. ಇರಲಿ, ಹೇಗೋ ಶುರುವಾಯಿತಲ್ಲ.

೨

ಜಯಕುಮಾರರದು ಫೈಬರ್ ಕೆಲಸ: ನೀರಿನ ಟ್ಯಾಂಕಿ, ಶಾಲೆಯ ಜಾರುಬಂಡಿ, ಬಸದಿಯ ಮೆರವಣಿಗೆಗೆ ಆನೆ. ಈ ಸಲ ಸಾಂಗ್ಲಿಯಲ್ಲಿ ತೆರೆಯಲಿರುವ ಮಕ್ಕಳ ವಿಜ್ಞಾನ ಉದ್ಯಾನಕ್ಕೆ ಒಂದು ಡೈನೋಸಾರ್, ಜೊತೆಗೆ ಹತ್ತು ತತ್ತಿ. (ಮಾಂಸ ತಿನ್ನುವ ಜಾತಿಯದಾದರೆ ಮಾಡುವುದಿಲ್ಲ ಎಂದು ಮೊದಲೇ ಹೇಳಿದ್ದರು. ಜೈನರು. ಅವರ ಶೆಡ್ಡಿನಲ್ಲಿ ಮಗಳೊಬ್ಬಳನ್ನು ಬಿಟ್ಟು ಯಾರೂ ತತ್ತಿಯ ಹೆಸರನ್ನೂ ಎತ್ತುವುದಿಲ್ಲ, "ಗುಂಡು" ಅನ್ನುತ್ತಾರೆ.)

ಅವರ ಒಬ್ಬಳೇ ಮಗಳು ಋತುಜಾ, ಜಿಯಾಲಜಿ ಓದಿದವಳು. ಹೋದ ಚಳಿಗಾಲ ನರ್ಮದಾ ಕಣಿವೆಯ ಒಂದು ಹೊಲದಲ್ಲಿ ಅವಳ ತಂಡಕ್ಕೆ ತೊಡೆಯೆಲುಬು ಸಿಕ್ಕಿತು. ನಿಲ್ಲಿಸಿದರೆ ಅವಳ ಎದೆಮಟ್ಟ. ಅದೇ ಹೊಲದ ಬದುವಿನಲ್ಲಿ ತೆಂಗಿನಕಾಯಿ ಗಾತ್ರದ ಹತ್ತು ಗುಂಡುಕಲ್ಲು. ಅವಳು ಮೊಣಕಾಲೂರಿ ಬ್ರಷ್ಷಿನಿಂದ ಮಣ್ಣು ಒರೆಸುತ್ತಿದ್ದಂತೆ ಕಲ್ಲಿನ ಮೇಲೆ ಚಿಪ್ಪು ಕಂಡಿತು. ಹಾಗಾಗಿ ಉದ್ಯಾನದವರು ಷರತ್ತು ಹಾಕಿದರು: ಮಾದರಿ ವಿಜ್ಞಾನಕ್ಕೆ ಸರಿಯಾಗಿದೆ ಎಂದು ಋತುಜಾ ಸಹಿ ಮಾಡಬೇಕು, ಇಲ್ಲದಿದ್ದರೆ ಒಯ್ಯುವುದಿಲ್ಲ. ಅಪ್ಪನ ಎಂಟು ತಿಂಗಳ ಕೆಲಸ ಮಗಳ ಪೆನ್ನಿನ ತುದಿಗೆ ಬಂತು.

ಜಯಕುಮಾರರು ಮಾಡಿದ್ದೇನೆಂದರೆ, ಆ ಉದ್ದ ಕುತ್ತಿಗೆಯನ್ನು ನೆಲದವರೆಗೆ ಬಾಗಿಸಿ, ಮೂತಿ ತತ್ತಿಗಳಿಗೆ ತಾಗುವಂತೆ ನಿಲ್ಲಿಸಿಬಿಟ್ಟಿದ್ದರು.

೪ (ಮೂರನ್ನು ಹರಿದುಹಾಕಿದೆ. ಅದರಲ್ಲಿ ಬರೀ ಮಾಹಿತಿ ಇತ್ತು.)

"ಪಪ್ಪಾ, ಇದು ತಪ್ಪೈತ್ರಿ."

"ಏನ್ ತಪ್ಪ? ಬಾಲ ನೆಲಕ್ಕ ಹತ್ತಬಾರದು ಅಂದಿ, ಎತ್ತೇನಿ. ಕಾಲ ಕಂಬದಂಗ ಇರಬೇಕು ಅಂದಿ, ಅದಾವ."

"ತಾಯಿ ಅಲ್ಲಿ ನಿಂದರತಿದ್ದಿಲ್ರಿ. ಗೂಡು ಒಂದಕ್ಕೊಂದು ಹತ್ತಿಕೊಂಡ ಇದ್ದುವು. ಅಂಥಾ ದೊಡ್ಡ ಪ್ರಾಣಿ ಅಲ್ಲೇ ಅಡ್ಡಾಡಿದ್ರ ತುಳದ ಚೂರು ಮಾಡತಿತ್ತು. ತತ್ತಿ ಇಟ್ಟು, ಮಣ್ಣು ಮುಚ್ಚಿ, ಹೋಗಿಬಿಡತಿತ್ತು. ಭೂಮಿ ಕಾವು ಸಾಕಾಗತಿತ್ತು."

"ಮರಿ?"

"ತಾವ ಹೊರಗ ಬಂದು ತಾವ ಸೊಪ್ಪ ತಿಂತಿದ್ವು. ಹುಟ್ಟಿದ ದಿನದಿಂದ."

ಜಯಕುಮಾರರು ಮೂತಿಯ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದರು. "ಯಾರ ನೋಡ್ಯಾರ?" ಎಂದರು.

"ಯಾರೂ ನೋಡಿಲ್ರಿ. ಗೂಡು ನೋಡಿ ಹೇಳತೇವಿ."

೫

ಓದುಗರೇ, ಈಗ ನಾನೊಂದು ವಿಷಯ ಹೇಳಲೇಬೇಕು. ಇಷ್ಟು ಹೊತ್ತು ಮುಚ್ಚಿಟ್ಟಿದ್ದು ಕಲೆಗಾರಿಕೆ ಅಂದುಕೊಂಡಿದ್ದೆ. ಈಗ ನೋಡಿದರೆ ಬರೀ ಪುಕ್ಕಲುತನ.

ಋತುಜಾಗೆ ಒಂಬತ್ತು ವರ್ಷವಿದ್ದಾಗ ಅವಳ ತಾಯಿ ಅಲಕಾ ದೀಕ್ಷೆ ತೆಗೆದುಕೊಂಡು ಆರ್ಯಿಕೆ, ಅಂದರೆ ಜೈನ ಸನ್ಯಾಸಿನಿಯಾದರು. ಮಂಟಪದಲ್ಲಿ ಮನೆಯವರ ಅನುಮತಿ ಕೇಳುವುದು ಪದ್ಧತಿ. ಜಯಕುಮಾರರು ಮೈಕಿನಲ್ಲಿ ಹೂಂ ಎಂದರು. ಮಗುವನ್ನೂ ಕೇಳಿದರು, ಅದೂ ಹೂಂ ಎಂದಿತು. ಜನ ಬಂದು "ಪುಣ್ಯವಂತಿ ನೀ" ಎಂದು ಕೆನ್ನೆ ಸವರಿದರು. ಅಂದಿನಿಂದ ಅವ್ವ ಅವ್ವನಲ್ಲ, ಮಾತಾಜಿ. ಸಾಂಗ್ಲಿಗೆ ಬಂದಾಗ ಋತುಜಾ ಎಲ್ಲರಂತೆ ದೂರದಲ್ಲಿ ಕೂತು "ವಂದಾಮಿ ಮಾತಾಜಿ" ಎನ್ನುತ್ತಾಳೆ. ಎಲ್ಲರಿಗೂ ಸಿಗುವ ಆಶೀರ್ವಾದ ಅವಳಿಗೂ ಸಿಗುತ್ತದೆ. ಅವರಲ್ಲಿ ಯಾರೂ ಕೆಟ್ಟವರಲ್ಲ, ಅದಕ್ಕೇ ನನಗೆ ಸಂಕಟ.

"ಲೇಖಕರ," ಎಂದಳು ಋತುಜಾ, ವಾಕ್ಯದ ನಡುವೆ ನುಗ್ಗಿ, "ನಮ್ಮವ್ವನ್ನ ಡೈನೋಸಾರ್ ಮಾಡಬ್ಯಾಡ್ರಿ."

"ನಾನಲ್ಲಮ್ಮ, ನಿಮ್ಮಪ್ಪ ಮಾಡಿದ್ದು."

ನಾನು ಹಾಗೆ ಹೇಳಬಾರದಿತ್ತು.

೬. ಒಂದು ಮುಕ್ತಾಯ

ಮಾತಾಜಿ ಬರಿಗಾಲಲ್ಲಿ ಮಿರಜ ರಸ್ತೆಯಲ್ಲಿ ನಡೆದು ಬರುತ್ತಾರೆ. ಬಾಗಿದ ಕುತ್ತಿಗೆ ಕಂಡು ನಿಲ್ಲುತ್ತಾರೆ. ಕಣ್ಣು ತುಂಬುತ್ತದೆ. (ಎರಡು ಪುಟ ಬರೆದಿದ್ದೆ. ನಾನೇ ಅತ್ತಿದ್ದೆ.)

ಜಯಕುಮಾರರು ಓದಿ ಕಾಗದ ವಾಪಸ್ ಕೊಟ್ಟರು. "ಈಗ ಚಾತುರ್ಮಾಸ ನಡದೈತ್ರಿ. ಮಳಿಗಾಲದಾಗ ಹುಳ ಹುಪ್ಪಡಿ ಕಾಲಾಗ ಸಿಗಬಾರದಂತ ಅವರು ಒಂದ ಊರಾಗ ಇರತಾರ. ಹೆಂಗ ನಡಸಕೊಂಡ ಬಂದ್ರಿ ನೀವು?"

ನನಗೆ ನಾಚಿಕೆಯಾಯಿತು. ಅಷ್ಟೂ ತಿಳಿಯದೆ ಕಥೆ ಬರೆಯಲು ಕೂತಿದ್ದೆ.

೬. ಇನ್ನೊಂದು

ಋತುಜಾ ಅಪ್ಪನ ಮುಖ ನೋಡಿ ಸಹಿ ಮಾಡುತ್ತಾಳೆ. ಪ್ರೀತಿಯ ಮುಂದೆ ವಿಜ್ಞಾನ ಯಾವ ಲೆಕ್ಕ, ಇತ್ಯಾದಿ.

"ಮಾಡಂಗಿಲ್ರಿ," ಎಂದಳು.

"ಅಪ್ಪನಿಗೋಸ್ಕರ?"

"ನನ್ನಂಥಾ ಹುಡುಗಿ ಒಬ್ಬಾಕಿ ನೋಡಾಕ ಬರತಾಳ್ರಿ. ಏಳು ಕೋಟಿ ವರ್ಷದ ಹಿಂದಿನ ತಾಯಿನೂ ಬಿಟ್ಟ ಹೋಗಲಿಲ್ಲ ಅಂತ ಬೋರ್ಡ್ ಓದತಾಳ. ಆಮ್ಯಾಲ ರಾತ್ರಿ ಹಾಸಿಗ್ಯಾಗ ಏನ್ ವಿಚಾರ ಮಾಡತಾಳ? ಮರಿ ತಾವ ತಿಂದು ಬೆಳದ್ವು ಅಂತ ಆಕಿಗೆ ಗೊತ್ತಾಗಲಿ. ನನಗ ಯಾರೂ ಹೇಳಿದ್ದಿಲ್ಲ."

ಆ ಪುಟವನ್ನೂ ಮಡಚಿಟ್ಟು ಚಹಾ ಕುಡಿಯಲು ಎದ್ದುಹೋದೆ.

೭

ನಾನು ಬರುವಷ್ಟರಲ್ಲಿ ಜಯಕುಮಾರರು ಕಟಿಂಗ್ ಮಶೀನ್ ಹಿಡಿದು ಕುತ್ತಿಗೆಯ ಹತ್ತಿರ ನಿಂತಿದ್ದರು, ಸ್ವಿಚ್ ಒತ್ತಿರಲಿಲ್ಲ.

"ಕುತ್ತಿಗಿ ಕೊಯ್ದು ಮ್ಯಾಲಕ ಎತ್ತು ಅಂತೀಯಲ್ಲ ಮಗಳ, ಫೈಬರ್ ಆದ್ರೂ ನನ್ನ ಕೈ ಏಳವಲ್ದು."

ಋತುಜಾ ಮೂತಿಯ ಹತ್ತಿರ ಬಗ್ಗಿ ನೋಡಿದಳು. ಆಮೇಲೆ, "ಕೊಯ್ಯಬ್ಯಾಡ್ರಿ. ಬಾಯಿ ಕೆಳಗ ಗಿಡ ಇಡ್ರಿ, ಮೇಯಾಕತ್ತೈತಿ ಅಂತ ಆಗತೈತಿ. ತತ್ತಿ ಅಷ್ಟ ಎತ್ತಿ ಹಿಂದಕ ಇಡೂಣು, ದೂರ," ಎಂದಳು.

ಲೇಖಕನಾದ ನನಗೆ ಇದು ಹೊಳೆದಿರಲಿಲ್ಲ. ಇಬ್ಬರೂ ಒಂದೊಂದೇ ತತ್ತಿ ಎತ್ತಿ ಬಾಲದಾಚೆ ನಡೆದರು. ಅಪ್ಪ ಇಟ್ಟಲ್ಲಿ ಅವಳು "ಇನ್ನೂ ದೂರ್ರಿ" ಎನ್ನುತ್ತಿದ್ದಳು. ಅವರು ಇನ್ನೊಂದೆರಡು ಹೆಜ್ಜೆ ಹೋಗಿ ತಿರುಗಿ ನೋಡುತ್ತಿದ್ದರು. ಒಂಬತ್ತು ತತ್ತಿಗಳು ಗೇಟಿನ ಹತ್ತಿರ ಸೇರಿದವು. ಹತ್ತನೆಯದನ್ನು ಎರಡೂ ಕೈಯಲ್ಲಿ ಹಿಡಿದು ಜಯಕುಮಾರರು ಅಂಗಳದ ನಡುವೆ ನಿಂತರು.

"ಆಕಿ ತಿರಗಿ ನೋಡಿದ್ರ, ಅಲ್ಲಿಂದ ಇವು ಕಾಣತಾವೇನ?"

ಋತುಜಾ ಅಳತೆ ಮಾಡುವವಳಂತೆ ಪ್ರಾಣಿಯ ತಲೆಯಿಂದ ಗೇಟಿನವರೆಗೆ ಕಣ್ಣು ಹಾಯಿಸಿದಳು.

"ಹೇಳಾಕ ಬರಂಗಿಲ್ರಿ ಪಪ್ಪಾ. ಎಲುಬು ಉಳೀತಾವ, ಚಿಪ್ಪು ಉಳೀತಾವ. ಕಣ್ಣು ಉಳಿಯಂಗಿಲ್ಲ."

ಇಲ್ಲಿಂದ ಮುಂದೆ ನಾನು ಬರೆಯುವುದಿಲ್ಲ. ಸಹಿ ಆಯಿತೇ ಎಂದು ಕೇಳಬೇಡಿ, ಫಾರ್ಮು ಶೆಡ್ಡಿನ ಸ್ಟೂಲಿನ ಮೇಲಿದೆ, ಪೆನ್ನೂ ಇದೆ. ಅಪ್ಪ ಇನ್ನೂ ತತ್ತಿ ಇಳಿಸಿಲ್ಲ. ಮಗಳು ಗೇಟಿನಿಂದ ಅವರ ಕಡೆ ಬರುತ್ತಿದ್ದಾಳೆ, ಕೈ ಚಾಚಿಕೊಂಡು.